ಮೆಟ್ಟಿಲು ಯಾರ ಪ್ರಾರಬ್ಧ?

ಕಾಲಿಲ್ಲದವರನ್ನೋ ಕಣ್ಣಿಲ್ಲದವರನ್ನೋ ಕಂಡಾಗ ‘ಪೂರ್ವಜನ್ಮದ ಕರ್ಮ’ವೆಂದು ನಿಟ್ಟುಸಿರಿಡುವುದು ನಮ್ಮಲ್ಲಿ ಬಹುಕಾಲದ ವಾಡಿಕೆ. ಅದರಲ್ಲಿ ಕನಿಕರವಿಲ್ಲವೆನ್ನಲಾರೆ, ಆದರೆ ಆ ನಿಟ್ಟುಸಿರಿನೊಡನೆ ನಮ್ಮ ಹೊಣೆಯೂ ಹೊರಟುಹೋಗುತ್ತದೆ.

2023ರ ಮಾರ್ಚ್‌ನಲ್ಲಿ ಬೆಂಗಳೂರಿನ ವೈಟ್‌ಫೀಲ್ಡಿಗೆ ಮೆಟ್ರೊ ಬಂದ ಮೇಲೆ ಒಂದು ಬೆಳಿಗ್ಗೆ, ಆ ಮಾರ್ಗದ ನಿಲ್ದಾಣವೊಂದರಲ್ಲಿ (ಹೆಸರು ಬೇಡ), ಗಾಲಿಕುರ್ಚಿಯ ತರುಣನೊಬ್ಬನನ್ನು ಕಂಡೆ. ಕೊರಳಲ್ಲಿ ಕಂಪನಿಯ ಗುರುತುಚೀಟಿ, ಮಡಿಲಲ್ಲಿ ಲ್ಯಾಪ್‌ಟಾಪಿನ ಚೀಲ, ಅದರ ಮೇಲೆ ಊಟದ ಡಬ್ಬಿ. ರೈಲಿನಿಂದ ತಾನೇ ಇಳಿದ, ಲಿಫ್ಟಿನಲ್ಲಿ ತಾನೇ ಕೆಳಗೆ ಬಂದ. ಹೊರಗೆ ಗೇಣೆತ್ತರದ ಕಲ್ಲಂಚು, ಅದರಾಚೆ ಜರುಗಿದ ಚಪ್ಪಡಿ, ಚಪ್ಪಡಿಯ ಮೇಲೆ ಯಾರದೋ ಬೈಕು. ಆತನ ಕಾಲುಗಳು ಲಿಫ್ಟಿನೊಳಗೆ ಹೇಗಿದ್ದವೋ ಹೊರಗೂ ಹಾಗೆಯೇ ಇದ್ದವು; ಆದರೂ ಅಲ್ಲಿ ಸ್ವತಂತ್ರನಾಗಿದ್ದವನು ಹತ್ತೇ ಮಾರಿನಲ್ಲಿ ಪರತಂತ್ರನಾದನು. ಎತ್ತಲು ಹೋದ ನನಗೆ ಆತ ಶಾಂತವಾಗಿ ಹೇಳಿದ: “ಸಾರ್, ಕೈ ಇಡೋ ಜಾಗ ಹಿಡೀಬೇಡಿ, ಕಿತ್ಕೊಂಡು ಬರುತ್ತೆ. ಕೆಳಗಡೆ ಫ್ರೇಮ್ ಹಿಡ್ಕೊಳ್ಳಿ.”

ನಮ್ಮ ಶಾಸ್ತ್ರಕಾರರು ಕರ್ಮವನ್ನು ಸಂಚಿತ (ಹಿಂದೆ ಕೂಡಿಟ್ಟದ್ದು), ಪ್ರಾರಬ್ಧ (ಅದರಲ್ಲಿ ಈಗ ಅನುಭವಿಸುತ್ತಿರುವುದು), ಆಗಾಮಿ (ಈಗ ಮಾಡಿ ಮುಂದೆ ಉಣ್ಣುವುದು) ಎಂದು ಮೂರಾಗಿ ವಿಂಗಡಿಸಿದ್ದಾರೆ. ಆ ತರುಣನ ಕಾಲು ಪ್ರಾರಬ್ಧವೆಂದು ನಂಬುವವರು ನಂಬಲಿ, ನಾನು ವಾದಕ್ಕಿಳಿಯೆನು. ಆದರೆ ಇಳಿಜಾರಿಲ್ಲದ ಆ ಕಲ್ಲಂಚು, ಅದನ್ನು ಕಟ್ಟಿದ ಗುತ್ತಿಗೆದಾರನ, ಬಿಲ್ಲಿಗೆ ರುಜು ಹಾಕಿದ ಅಧಿಕಾರಿಯ, ದಿನವೂ ಅದನ್ನು ದಾಟಿಯೂ ಕಾಣದ ನನ್ನಂಥವನ ಆಗಾಮಿಯೇ ಹೊರತು ಅವನ ಪ್ರಾರಬ್ಧವಾಗಲಾರದು. ಪರಾವಲಂಬನೆಯ ಮಾತೆತ್ತಿದರೆ, ಎರಡು ಕಾಲೂ ನೆಟ್ಟಗಿರುವ ನಾನೂ ಅದೇ ಲಿಫ್ಟಿನಲ್ಲಿ ಇಳಿದವನು. ನನ್ನನ್ನು ಯಾರೂ ಪರಾಧೀನನೆನ್ನಲಿಲ್ಲ.

ಮಹಾಭಾರತದ ವನಪರ್ವದ ಅಷ್ಟಾವಕ್ರನು ಜನಕನ ಸಭೆಯಲ್ಲಿ ಬಂದಿ ಎಂಬ ಪಂಡಿತನನ್ನು ವಾದದಲ್ಲಿ ಗೆದ್ದದ್ದು ವಕ್ರದೇಹದಿಂದಲೇ. ಕಥೆ ಅಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಅನಂತರ ತಂದೆಯ ಮಾತಿನಂತೆ ಸಮಂಗಾ ನದಿಯಲ್ಲಿ ಮಿಂದಾಗ ಆತನ ಅಂಗಗಳು ನೇರವಾದವಂತೆ. ಗೆದ್ದವನ ದೇಹವನ್ನೂ ತಿದ್ದಲೇಬೇಕೆಂಬ ಈ ಅವಸರ, ಜ್ಞಾನಕ್ಕಿಂತ ಅಂಗಸೌಷ್ಠವವನ್ನು ಹಿರಿದೆಣಿಸುವ ಮನಸ್ಸಿನದೆಂದು ನನಗೆ ತೋರುತ್ತದೆ.

ಕ್ರೀಡಾಪಟು ಮಾಲತಿ ಹೊಳ್ಳರಿಗೆ ಯಾವ ಸಮಂಗೆಯೂ ಒದಗಲಿಲ್ಲ. ಶೈಶವದಲ್ಲೇ ಪೋಲಿಯೊಗೆ ತುತ್ತಾದ ಅವರು, ಹಲವು ಶಸ್ತ್ರಚಿಕಿತ್ಸೆಗಳನ್ನು ಸಹಿಸಿ, ಗಾಲಿಕುರ್ಚಿಯಲ್ಲಿ ಕುಳಿತೇ ದೇಶಕ್ಕೆ ಪದಕಗಳನ್ನು ತಂದರು, ಬ್ಯಾಂಕಿನಲ್ಲಿ ದುಡಿದರು, ಅರ್ಜುನ ಪ್ರಶಸ್ತಿಯನ್ನೂ 2001ರಲ್ಲಿ ಪದ್ಮಶ್ರೀಯನ್ನೂ ಪಡೆದರು, ವೈಟ್‌ಫೀಲ್ಡಿನ ದಾರಿಯ ಮಾರತಹಳ್ಳಿಯಲ್ಲಿ ಮಾತೃ ಫೌಂಡೇಶನ್ ಕಟ್ಟಿ ಅಂಗವಿಕಲ ಮಕ್ಕಳಿಗೆ ಆಸರೆಯಾದರು. ಆದರೆ ಇಂಥವರನ್ನು ತೋರಿಸಿ ಉಳಿದವರಿಗೆ ಧೈರ್ಯದ ಪಾಠ ಹೇಳುವುದು ನ್ಯಾಯವಲ್ಲ. ಕಚೇರಿಗೆ ಹೋಗಿಬರುವುದಕ್ಕೆ ಪದಕ ಗೆಲ್ಲುವಷ್ಟು ಕೆಚ್ಚು ಬೇಕಾಗಬಾರದು.

2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು, ನಿಯಮಗಳು ಪ್ರಕಟವಾದಂದಿನಿಂದ ಐದು ವರ್ಷಗಳೊಳಗಾಗಿ, ಈಗಿರುವ ಸಾರ್ವಜನಿಕ ಕಟ್ಟಡಗಳೆಲ್ಲ ಅವರಿಗೆ ಸುಗಮವಾಗತಕ್ಕದ್ದೆಂದು ವಿಧಿಸಿತು. ನಿಯಮಗಳು ಪ್ರಕಟವಾದದ್ದು 2017ರ ಜೂನ್‌ನಲ್ಲಿ. ಆ ಐದು ವರ್ಷ 2022ಕ್ಕೇ ಮುಗಿದಿದೆ.