ಸೊಂಟದ ಬಲ

ನಮ್ಮ ಭಾಷೆ ಸೊಂಟಕ್ಕೆ ಬಹಳ ಕೆಲಸ ಕೊಟ್ಟಿದೆ. ದೊಡ್ಡ ಕಾರ್ಯಕ್ಕೆ ಹೊರಟವರು ಟೊಂಕ ಕಟ್ಟಿ ನಿಲ್ಲುತ್ತಾರೆ. ಸೋಮಾರಿಗೆ ಸೊಂಟ ಬಗ್ಗುವುದಿಲ್ಲ. ಮಗಳ ಮದುವೆಯ ಸಾಲ ಅಪ್ಪನ ಸೊಂಟ ಮುರಿಯುತ್ತದೆ. ಹೆಣ್ಣಿನ ಸೊಂಟಕ್ಕಂತೂ ಬಿಡುವೇ ಇಲ್ಲ. ನೀರಿನ ಕೊಡ ಕೂರುವುದು ಅಲ್ಲಿ, ಕೂಸು ಕೂರುವುದು ಅಲ್ಲಿ, ಕೆಲಸಕ್ಕೆ ನಿಂತಾಗ ಸೆರಗು ಸಿಕ್ಕಿಸುವುದು ಅಲ್ಲಿ, ಹಬ್ಬದ ದಿನ ಡಾಬು ಹೊಳೆಯುವುದೂ ಅಲ್ಲೇ. ಕವಿಗಳು ಅದನ್ನು ಸಿಂಹದ ನಡುವಿಗೆ ಹೋಲಿಸಿ ಹೋಲಿಸಿ ದಣಿದಿದ್ದಾರೆ. ಬೇಲೂರಿನ ಶಿಲ್ಪಿಗಳು ಕಲ್ಲನ್ನೇ ಬಳುಕಿಸಿದ್ದಾರೆ. ಇಷ್ಟಾದರೂ ಬಲದ ಮಾತು ಬಂದಾಗ ನಾವು ತೋರಿಸುವುದು ತೋಳನ್ನೇ. ಬಾಹುಬಲ, ತೋಳ್ಬಲ ಎಂಬ ಮಾತುಗಳಿವೆ. ಸೊಂಟಬಲ ಎಂಬ ಮಾತನ್ನು ನಾನಂತೂ ಕೇಳಿಲ್ಲ.

ಹೊಡೆತದ ಬಲ ಹುಟ್ಟುವುದು ತೋಳಿನಲ್ಲಲ್ಲ, ಸೊಂಟದಲ್ಲಿ ಎಂದು ಮೊದಲ ಪಾಠದಲ್ಲೇ ಹೇಳಿಕೊಡುವ ಒಂದು ಆಟವಿದೆ. ಅದು ಸಾಫ್ಟ್‌ಬಾಲ್. ನಮ್ಮ ಶಾಲೆ ಕಾಲೇಜುಗಳ ಹುಡುಗಿಯರೂ ಆಡುತ್ತಾರಾದರೂ, ಅದರ ತವರು ಅಮೆರಿಕ. ಕ್ಯಾಲಿಫೋರ್ನಿಯಾದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಹನ್ನೊಂದು ವರ್ಷದ ಮೊಮ್ಮಗಳನ್ನು ಅಭ್ಯಾಸಕ್ಕೆ ಕರೆದುಕೊಂಡು ಹೋಗುವ ನೆಪದಲ್ಲಿ ಆ ಆಟವನ್ನು ನಾನು ಹತ್ತಿರದಿಂದ ನೋಡಿದೆ. ಹೆಸರಿಗೆ ಮೆತ್ತನೆಯ ಚೆಂಡು, ಆದರೆ ಅದರಲ್ಲಿ ಮೆತ್ತಗಿರುವುದು ಹೆಸರು ಮಾತ್ರ. ಸುತ್ತಳತೆ 12 ಅಂಗುಲ. ತೂಕದಲ್ಲಿ ನಮ್ಮ ಕ್ರಿಕೆಟ್ ಚೆಂಡಿಗಿಂತ ಹೆಚ್ಚು. ಬೆಳೆದ ಹೆಂಗಸರ ಪಂದ್ಯದಲ್ಲಿ ಎಸೆಯುವವಳು ನಿಲ್ಲುವುದು 43 ಅಡಿ ದೂರದಲ್ಲಿ. ಒಳ್ಳೆಯ ಎಸೆತವಾದರೆ ಚೆಂಡು ಅರ್ಧ ಸೆಕೆಂಡಿನೊಳಗೆ ಬ್ಯಾಟಿನ ಮುಂದಿರುತ್ತದೆ.

ಅಷ್ಟರೊಳಗೆ ಮೈಯಲ್ಲಿ ನಡೆಯುವ ಕೆಲಸ ಕೇಳಿ. ಮೊದಲು ಭಾರವೆಲ್ಲ ಹಿಂದಿನ ಕಾಲಿನ ಮೇಲೆ ಕೂರುತ್ತದೆ. ಮುಂದಿನ ಕಾಲು ಒಂದು ಪುಟ್ಟ ಹೆಜ್ಜೆ ಇಟ್ಟು ನೆಲಕ್ಕೆ ಊರುತ್ತದೆ. ಹಿಂದಿನ ಪಾದ ನೆಲವನ್ನು ಒತ್ತಿ ತಳ್ಳುತ್ತದೆ, ಹಿಮ್ಮಡಿ ಮೇಲೇಳುತ್ತದೆ, ಸೊಂಟ ಚೆಂಡು ಬರುವ ದಿಕ್ಕಿಗೆ ತಿರುಗುತ್ತದೆ. ಸೊಂಟ ತಿರುಗಿದ ಮೇಲೆ ಎದೆ, ಎದೆಯ ಹಿಂದೆ ಭುಜ, ಭುಜದ ಹಿಂದೆ ತೋಳು, ಎಲ್ಲಕ್ಕೂ ಕೊನೆಗೆ ಮಣಿಕಟ್ಟು ಮತ್ತು ಬ್ಯಾಟು. ಚಾಟಿ ಬೀಸಿದಾಗ ಹಿಡಿಕೆ ನಿಧಾನವಾಗಿ ಹೊರಟರೂ ತುದಿ ಚಟೀರೆನ್ನುತ್ತದಲ್ಲ, ಹಾಗೆ. ದೊಡ್ಡ ಅಂಗ ತನ್ನ ವೇಗವನ್ನು ಚಿಕ್ಕದಕ್ಕೆ ದಾಟಿಸುತ್ತಾ ಹೋಗುತ್ತದೆ. ಬರೀ ಕೈಯಿಂದ ಹೊಡೆದರೆ ಚೆಂಡು ತಗುಲಬಹುದು, ದೂರ ಹೋಗುವುದಿಲ್ಲ.

ಅಲ್ಲಿನ ತರಬೇತುದಾರಳು ಹುಡುಗಿಯರ ಬೆನ್ನ ಹಿಂದೆ ಬ್ಯಾಟನ್ನು ಅಡ್ಡ ಇಟ್ಟು, ಅದನ್ನು ಎರಡೂ ಮೊಣಕೈಗಳಲ್ಲಿ ಸಿಕ್ಕಿಸಿ, ಕೈಗೆ ಕೆಲಸವೇ ಇಲ್ಲದಂತೆ ಮಾಡಿ ಸೊಂಟ ತಿರುಗಿಸಲು ಹೇಳುತ್ತಿದ್ದಳು. “ಬಕೆಟ್ಟಿನ ನೀರನ್ನು ದೂರ ಎಸೆಯುವ ಹಾಗೆ ತಿರುಗಿ” ಎಂದು ಕೂಗುತ್ತಿದ್ದಳು. ನನಗೆ ನಗು ಬಂತು. ಇದನ್ನು ಕಲಿಯಲು ಬ್ಯಾಟೇ ಬೇಕೇ? ಬಚ್ಚಲ ನೀರನ್ನು ತೆಂಗಿನ ಬುಡಕ್ಕೆ ಎಸೆಯುವವಳು ಮಣಿಕಟ್ಟಿನಿಂದ ಎಸೆಯುತ್ತಾಳೆಯೇ? ಒಗೆಯುವ ಕಲ್ಲಿನ ಮೇಲೆ ಜಮಖಾನೆ ಎತ್ತಿ ಬಡಿಯುವವಳ ಬಲ ಎಲ್ಲಿಂದ ಬರುತ್ತದೆ? ಬೀಸುಕಲ್ಲಿನ ಗೂಟ ಹಿಡಿದು ಅರ್ಧ ಮೂಟೆ ರಾಗಿ ಬೀಸುತ್ತಿದ್ದ ನಮ್ಮಜ್ಜಿಯರ ತೋಳುಗಳು ಕಡ್ಡಿಯಂತಿದ್ದವು. ಬೀಸಿದ್ದು ಅವರ ನಡು.

ಹಾಗಾದರೆ ಗೊತ್ತಿಲ್ಲದ್ದೇನೂ ಅಲ್ಲ. ಆದರೂ ಮೊಮ್ಮಗಳು ತಿರುಗುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಬುಗುರಿಯಂತೆ ತಿರುಗುತ್ತಿದ್ದ ಹುಡುಗಿ ಈಗ ಕಾಲು ಜೋಡಿಸಿ, ಸೊಂಟ ಬಿಗಿಹಿಡಿದು, ಕೈಯಷ್ಟನ್ನೇ ಬೀಸುತ್ತಿದ್ದಳು. ಯಾಕೆ ಎಂದು ಅವಳಮ್ಮ ಕೇಳಿದರೆ ಉತ್ತರವಿಲ್ಲ. ರಾತ್ರಿ ನನ್ನ ಪಕ್ಕದಲ್ಲಿ ಮಲಗಿದಾಗ ಮೆಲ್ಲನೆ ಹೇಳಿದಳು: “ಅಜ್ಜಿ, ಆಚೆ ಬೇಲಿ ಹತ್ತಿರ ಹುಡುಗರು ನಿಂತಿರ್ತಾರೆ. ನಾನು ತಿರುಗಿದರೆ ನಗ್ತಾರೆ.”

ಸಾವಿರಾರು ಮೈಲಿ ದೂರದಲ್ಲಿಯೂ ಮಾತು ಅದೇ ಅಲ್ಲವೇ! ಭಾಷೆ ಬೇರೆ, ಉಡುಗೆ ಬೇರೆ, ಅಂಜಿಕೆ ಒಂದೇ. ಐರಿಸ್ ಮರಿಯನ್ ಯಂಗ್ ಎಂಬ ಅಮೆರಿಕದ ತತ್ವಶಾಸ್ತ್ರಜ್ಞೆ 1980ರಲ್ಲಿ ಇದನ್ನೇ ಕುರಿತು ಒಂದು ಪ್ರಬಂಧ ಬರೆದರು. ಹುಡುಗಿಯರು ಚೆಂಡೆಸೆಯುವಾಗ ಇಡೀ ಮೈಯನ್ನು ತೊಡಗಿಸದೆ ಕೈಯಿಂದಷ್ಟೇ ಎಸೆಯುವುದೇಕೆ ಎಂಬುದು ಅವರ ಪ್ರಶ್ನೆ. ಕಾರಣ ಹೆಣ್ಣಿನ ಮೂಳೆಯಲ್ಲಾಗಲಿ ಹುಟ್ಟಿನಲ್ಲಾಗಲಿ ಇಲ್ಲ, ಅವಳು ಬೆಳೆಯುವ ಪರಿಸ್ಥಿತಿಯಲ್ಲಿದೆ ಎಂದರು ಅವರು. ತನ್ನ ಮೈಯಿಂದ ಕೆಲಸ ಮಾಡುವ ಹೊತ್ತಿಗೇ ಅದೇ ಮೈಯನ್ನು ಬೇರೆಯವರ ಕಣ್ಣಿನಿಂದಲೂ ನೋಡಿಕೊಳ್ಳುವುದನ್ನು ಹುಡುಗಿ ಕಲಿಯುತ್ತಾಳೆ. ಅರ್ಧ ಮನಸ್ಸು ಚೆಂಡಿನ ಮೇಲೆ, ಅರ್ಧ ಮನಸ್ಸು ಬೇಲಿಯ ಮೇಲೆ. ಅರ್ಧ ಮನಸ್ಸಿಗೆ ಅರ್ಧ ಮೈಯಷ್ಟೇ ಒಲಿಯುತ್ತದೆ.

ಇಲ್ಲೊಂದು ಸೋಜಿಗವಿದೆ. ಹೆಣ್ಣಿನ ಸೊಂಟ ಕಾಣಲೇಬಾರದು ಎಂದು ಯಾರೂ ಹೇಳಿದವರಲ್ಲ. ದರ್ಪಣ ಸುಂದರಿಯನ್ನು ದೇವಸ್ಥಾನದ ಮೇಲೇ ನಿಲ್ಲಿಸಿದ್ದೇವೆ. ಸಿನಿಮಾದಲ್ಲಿ ಅದು ಕುಣಿದರೆ ಶಿಳ್ಳೆ ಬೀಳುತ್ತದೆ. ಒನಕೆ ಹಿಡಿದು ಕುಟ್ಟುವಾಗ, ಗದ್ದೆಯಲ್ಲಿ ನಾಟಿ ಮಾಡುವಾಗ ಅದು ಎಷ್ಟು ಬಗ್ಗಿದರೂ ಯಾರ ಆಕ್ಷೇಪವೂ ಇಲ್ಲ. ನೋಡುವವರ ಸಂತೋಷಕ್ಕೆ ಸರಿ, ಮನೆಯವರ ಹೊಟ್ಟೆಗೆ ಸರಿ. ಅದೇ ಸೊಂಟ ಅವಳ ಸ್ವಂತ ಹೊಡೆತಕ್ಕೆ, ಅವಳದೇ ಒಂದು ಗೆಲುವಿಗೆ, ಬರೀ ಆಟದ ಖುಷಿಗೆ ತಿರುಗಿದರೆ ಮಾತ್ರ ‘ಏನಿದು ಗಂಡುಬೀರಿ ಹಾಗೆ’ ಎನ್ನುತ್ತೇವೆ. ಹಾಗಾದರೆ ನಾವು ಕಾಯುತ್ತಿರುವುದು ಅವಳ ಮಾನವನ್ನೋ, ಅವಳ ಬಲದ ಮೇಲೆ ನಮಗಿರುವ ಹಕ್ಕನ್ನೋ?

‘ಹೆಣ್ಣಿಗೆ ಸಂಯಮ ಬೇಡವೇ?’ ಎಂದು ಹಿರಿಯರು ಕೇಳುತ್ತಾರೆ. ಆ ಪ್ರಶ್ನೆಯನ್ನು ನಾನು ತಳ್ಳಿಹಾಕಲಾರೆ. ಸಂಯಮದಲ್ಲಿ ನನಗೆ ನಂಬಿಕೆಯಿದೆ. ಸಾಫ್ಟ್‌ಬಾಲ್‌ನ ಹೊಡೆತಕ್ಕೂ ಇದೆ. ಸೊಂಟ ತಿರುಗಲು ಹೊರಟ ಕ್ಷಣದಲ್ಲಿ ಭುಜವೂ ಅದರ ಜೊತೆಗೇ ಓಡಿಬಿಟ್ಟರೆ ಬಲವೆಲ್ಲ ಪೋಲು. ಸೊಂಟ ಮುಂದೆ ಹೋಗಬೇಕು, ಭುಜ ಒಂದು ಚೂರು ಹಿಂದೆ ನಿಲ್ಲಬೇಕು. ಆ ಎಳೆತದಲ್ಲೇ ನಡುವಿನ ಸ್ನಾಯುಗಳು ಬಿಲ್ಲಿನ ಹೆದೆಯಂತೆ ಬಿಗಿಯುತ್ತವೆ. ಸೊಂಟವೂ ಅಷ್ಟೆ, ಚೆಂಡು ಬರುವ ಮೊದಲೇ ಆತುರಪಟ್ಟು ತಿರುಗಿದರೆ ಬ್ಯಾಟು ಗಾಳಿಯನ್ನು ಹೊಡೆಯುತ್ತದೆ. ಅಂದರೆ ಈ ಹೊಡೆತದ ಒಡಲಲ್ಲೇ ತಡೆ ಇದೆ, ಕಾಯುವುದಿದೆ.

ಆದರೆ ಆ ತಡೆಗೂ ನನ್ನ ಮೊಮ್ಮಗಳ ಬಿಗಿತಕ್ಕೂ ಅಜಗಜಾಂತರ. ಒಂದು ಚೆಂಡಿಗಾಗಿ ಕಾಯುವುದು, ಇನ್ನೊಂದು ಬೇಲಿಗೆ ಹೆದರುವುದು. ಒಂದರಲ್ಲಿ ಹಿಡಿದಿಟ್ಟದ್ದು ಮರುಗಳಿಗೆಯಲ್ಲಿ ಇಮ್ಮಡಿಯಾಗಿ ಹೊರಬರುತ್ತದೆ. ಇನ್ನೊಂದರಲ್ಲಿ ಹಿಡಿದಿಟ್ಟದ್ದು ಒಳಗೇ ಉಳಿದು ಭುಜನೋವೋ ಬೆನ್ನುನೋವೋ ಆಗುತ್ತದೆ. ಹೊರಗಿನಿಂದ ನೋಡಿದರೆ ಎರಡೂ ‘ತಗ್ಗಿ ಬಗ್ಗಿ’ ಇರುವ ಹಾಗೇ ಕಾಣುತ್ತವೆ. ಅದಕ್ಕೇ ಅಂಜಿಕೆಗೆ ಸಂಯಮವೆಂಬ ಒಳ್ಳೆಯ ಹೆಸರಿಟ್ಟು ನಾವು ತಲೆತಲಾಂತರದಿಂದ ಹೆಣ್ಣುಮಕ್ಕಳಿಗೆ ಬಳುವಳಿ ಕೊಡುತ್ತಾ ಬಂದಿದ್ದೇವೆ. ಗುರುತಿಸುವ ದಾರಿ ಒಂದೇ: ಯಾವುದಕ್ಕಾಗಿ ತಡೆದೆ ಎಂದು ಕೇಳಿಕೊಳ್ಳುವುದು. ಕೋಪ ಬಂದಾಗ ನಾಲಿಗೆ ಕಚ್ಚಿಕೊಂಡವಳು ಸರಿಯಾದ ಮಾತಿಗಾಗಿ ಕಾಯುತ್ತಿದ್ದರೆ ಅದು ಸಂಯಮ. ಮಾತೇ ಆಡದೆ ಮುಗಿಸಿದರೆ ಅದು ಬೇರೆ.

ಇನ್ನೊಂದು ಮಾತಿದೆ. ಸೊಂಟ ತಾನಾಗಿ ತಿರುಗಲಾರದು. ಅದಕ್ಕೆ ಪಾದದಡಿ ನೆಲ ಬೇಕು. ನೆಲವನ್ನು ಒತ್ತಿದಾಗ ನೆಲ ತಿರುಗಿ ಒತ್ತುತ್ತದೆ, ಆ ಒತ್ತೇ ಸೊಂಟಕ್ಕೆ ಏರಿ ಬರುವುದು. ಕೆಸರಿನಲ್ಲಿ ನಿಂತವಳಿಗೆ ಎಂಥ ತರಬೇತಿಯೂ ಉಪಯೋಗಕ್ಕಿಲ್ಲ. ‘ಧೈರ್ಯ ಮಾಡಮ್ಮ’ ಎಂದು ಹುಡುಗಿಗೆ ಬುದ್ಧಿ ಹೇಳುವುದು ಸುಲಭ; ನಿಲ್ಲಲು ನೆಲ ಕೊಡುವುದು ಕಷ್ಟ.

ಈ ಆಟದ ಚರಿತ್ರೆಯೂ ಅದನ್ನೇ ಹೇಳುತ್ತದೆ. 1887ರಲ್ಲಿ ಷಿಕಾಗೋದ ಒಂದು ಕ್ಲಬ್ಬಿನಲ್ಲಿ, ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡಲೆಂದು ಜಾರ್ಜ್ ಹ್ಯಾನ್‌ಕಾಕ್ ಎಂಬಾತ ಇದನ್ನು ಹುಟ್ಟುಹಾಕಿದ. ಮೊದಲ ಚೆಂಡು, ಸುತ್ತಿ ಕಟ್ಟಿದ ಬಾಕ್ಸಿಂಗ್ ಕೈಗವಸು. ಗಂಡಸರ ಆಟವಾಗಿ ಹುಟ್ಟಿದ್ದು, ಬೇಸ್‌ಬಾಲ್ ಅಂಗಳದ ಬಾಗಿಲು ಹೆಣ್ಣುಮಕ್ಕಳಿಗೆ ಮುಚ್ಚಿದ್ದರಿಂದ ಬರಬರುತ್ತಾ ಅವರ ಪಾಲಿಗೆ ಬಂತು. 1972ರಲ್ಲಿ ನ್ಯೂಜೆರ್ಸಿಯ ಮರಿಯಾ ಪೇಪ್ ಎಂಬ ಹುಡುಗಿಯನ್ನು ಮಕ್ಕಳ ಬೇಸ್‌ಬಾಲ್ ತಂಡದಿಂದ ಹೊರಗಿಟ್ಟರು; ವ್ಯಾಜ್ಯ ನಡೆದು 1974ರಲ್ಲಿ ಬಾಗಿಲು ತೆರೆಯಿತು. ಅದೇ 1972ರಲ್ಲಿ, ಸರ್ಕಾರದ ಹಣ ಪಡೆಯುವ ಶಿಕ್ಷಣ ಸಂಸ್ಥೆಗಳು ಹೆಣ್ಣು ಗಂಡೆಂದು ಭೇದ ಮಾಡಕೂಡದು ಎಂಬ ಕಾನೂನು ಅಮೆರಿಕದಲ್ಲಿ ಬಂತು. ಆಗ ಅಲ್ಲಿನ ಪ್ರೌಢಶಾಲೆಗಳಲ್ಲಿ ಆಟವಾಡುತ್ತಿದ್ದ ಹುಡುಗಿಯರು ಸುಮಾರು 3 ಲಕ್ಷ. 2019ರ ಹೊತ್ತಿಗೆ ಸುಮಾರು 34 ಲಕ್ಷ. ಅಷ್ಟು ವರ್ಷಗಳಲ್ಲಿ ಹುಡುಗಿಯರ ಮೂಳೆ ಬದಲಾಗಲಿಲ್ಲ, ಕಾಲಡಿಗೆ ನೆಲ ಬಂತು. 1996ರಲ್ಲಿ ಹೆಂಗಸರ ಸಾಫ್ಟ್‌ಬಾಲ್ ಒಲಿಂಪಿಕ್ಸ್ ಸೇರಿತು. 2008ರ ನಂತರ ಅದನ್ನು ಕೈಬಿಟ್ಟರು, 2021ರಲ್ಲಿ ನಡೆದ ಟೋಕಿಯೋ ಕೂಟದಲ್ಲಿ ಮರಳಿತು, 2024ರಲ್ಲಿ ಮತ್ತೆ ಇಲ್ಲ. 2028ರ ಲಾಸ್ ಏಂಜಲೀಸ್ ಕೂಟಕ್ಕೆ ಅದನ್ನು ಸೇರಿಸುವ ತೀರ್ಮಾನವಾದದ್ದು 2023ರಲ್ಲಿ, ನಮ್ಮ ಮುಂಬಯಿಯಲ್ಲಿ ನಡೆದ ಸಭೆಯಲ್ಲಿ. ಕೊಟ್ಟ ನೆಲವನ್ನು ಎಷ್ಟು ಸಲೀಸಾಗಿ ಎಳೆದುಕೊಳ್ಳುತ್ತಾರೆ ನೋಡಿ!

ನಮ್ಮ ಊರುಗಳಲ್ಲಿ ಆ ನೆಲ ಯಾವುದು? ಶಾಲೆಯ ಮೈದಾನದಲ್ಲಿ ಹುಡುಗಿಯರಿಗೂ ಮೀಸಲಾದ ಒಂದು ಗಂಟೆ. ಎದೆ ಬೆಳೆಯಿತೆಂದು ಆಟ ಬಿಡಿಸದ ಒಬ್ಬ ತಾಯಿ. ನಕ್ಕ ಹುಡುಗರನ್ನು ಬೇಲಿಯಾಚೆ ಕಳಿಸುವ ಒಬ್ಬ ಮೇಷ್ಟ್ರು. ಮದುವೆಯಾದ ಮೇಲೂ ಅವಳ ಹೆಸರಿನಲ್ಲಿರುವ ಒಂದು ಬ್ಯಾಂಕಿನ ಪುಸ್ತಕ, ಅವಳ ಕೈಯಲ್ಲಿರುವ ಒಂದು ಸಂಜೆ. ಇವಿಷ್ಟಿಲ್ಲದೆ ‘ನಮ್ಮ ಹೆಣ್ಣುಮಕ್ಕಳಲ್ಲಿ ಶಕ್ತಿಯಿದೆ’ ಎಂದು ಭಾಷಣ ಮಾಡುವುದು, ಕೆಸರಿನಲ್ಲಿ ನಿಲ್ಲಿಸಿ ಬ್ಯಾಟು ಕೊಟ್ಟಂತೆ. ಎಷ್ಟೋ ಮಂದಿ ನಮ್ಮ ಗೆಳತಿಯರು ಬದುಕನ್ನೆಲ್ಲ ಬರೀ ತೋಳಿನಿಂದ ಎತ್ತುತ್ತಿದ್ದಾರೆ. ಸಾಕಾಗುತ್ತದೆ ಎಂದರೆ ನಾವು ಅವರ ತೋಳಿಗೆ ಎಣ್ಣೆ ತಿಕ್ಕಲು ಹೇಳುತ್ತೇವೆಯೇ ಹೊರತು ಕಾಲ ಕೆಳಗೆ ಏನಿದೆ ಎಂದು ಬಗ್ಗಿ ನೋಡುವುದಿಲ್ಲ.

ಲಜ್ಜೆ ಹೆಣ್ಣಿಗೆ ಆಭರಣ ಎನ್ನುತ್ತಾರೆ. ಇರಬಹುದು. ಆಭರಣವನ್ನು ಬೇಕಾದಾಗ ತೊಟ್ಟು ಕೆಲಸದ ಹೊತ್ತಿಗೆ ತೆಗೆದಿಡಲು ಬರಬೇಕು. ತೆಗೆಯಲು ಬಾರದ ಡಾಬಿಗೆ ಬೇರೆ ಹೆಸರಿದೆ.