ಯುದ್ಧಸ್ಮಶಾನ ಮತ್ತು ಅನರ್ಥದಂಡವ್ರತ

ಭವ್ಯಾತ್ಮರಾದ ಶ್ರಾವಕ-ಶ್ರಾವಿಕೆಯರು ಗೃಹಸ್ಥಧರ್ಮದ ಹನ್ನೆರಡು ವ್ರತಗಳ ಹೆಸರುಗಳನ್ನು ಬಾಲ್ಯದಿಂದಲೇ ಬಲ್ಲರು. ಅವುಗಳಲ್ಲಿ ಅನರ್ಥದಂಡವಿರತಿಯಷ್ಟು ಸುಲಭವೆಂದು ತೋರಿ, ಅಷ್ಟೇ ಸುಲಭವಾಗಿ ಭಂಗವಾಗುವ ವ್ರತವು ಬೇರೊಂದಿಲ್ಲ. ಯುದ್ಧಕಾಲದಲ್ಲಂತೂ ಅದು ಮನೆಮನೆಯಲ್ಲಿಯೂ ಯಾರಿಗೂ ತಿಳಿಯದಂತೆ ಮುರಿದು ಬೀಳುತ್ತದೆ.

ಕೃಷ್ಣರಾಜಪುರದ ಮೂಲಕ ಹಾದುಹೋಗುವ ಹಳೆಯ ಮದರಾಸು ರಸ್ತೆಯು ಪಶ್ಚಿಮಕ್ಕೆ ಹಲಸೂರನ್ನು ಸೇರುತ್ತದೆ. ಅಲ್ಲಿ ಮದ್ರಾಸ್ ಸ್ಯಾಪರ್ಸ್ ಸೈನ್ಯದ ಕೇಂದ್ರವಿದೆ. ಅದೇ ರಸ್ತೆಯು ಪೂರ್ವಕ್ಕೆ ಹೊಸಕೋಟೆ, ಕೋಲಾರಗಳನ್ನು ದಾಟಿ ಮದರಾಸಿನತ್ತ, ಎಂದರೆ ಇಂದಿನ ಚೆನ್ನೈಯತ್ತ, ಸಾಗುತ್ತದೆ. ಆ ನಗರದ ನಂದಂಬಾಕ್ಕಂನಲ್ಲಿ 1952ರಲ್ಲಿ ಒಂದು ಯುದ್ಧಸ್ಮಶಾನವನ್ನು ನಿರ್ಮಿಸಿದರು. ದಕ್ಷಿಣ ಮತ್ತು ಪೂರ್ವ ಭಾರತದ ಅನೇಕ ಊರುಗಳ, ದಂಡುಪ್ರದೇಶಗಳ ಸ್ಮಶಾನಗಳಲ್ಲಿ ಚದುರಿದ್ದ ಎರಡನೆಯ ಮಹಾಯುದ್ಧದ ಮೃತರನ್ನು ಅಲ್ಲಿಗೆ ತಂದು ಒಂದೆಡೆ ಮಲಗಿಸಿದರು. ಅಲ್ಲಿರುವ ಗೋರಿಗಳು 856. ಮೊದಲನೆಯ ಮಹಾಯುದ್ಧದಲ್ಲಿ ಮಡಿದು, ದೇಶದ ಬೇರೆಬೇರೆ ಕಡೆಗಳಲ್ಲಿ ಹೂಳಲ್ಪಟ್ಟ ಸಾವಿರಕ್ಕೂ ಮಿಕ್ಕಿದ ಜನರ ಸ್ಮಾರಕವೂ ಅಲ್ಲಿಯೇ ಇದೆ. ದಂಡನಾಯಕನಿಗೂ ಸಾಮಾನ್ಯ ಭಟನಿಗೂ ಒಂದೇ ಅಳತೆಯ ಫಲಕ. ಬದುಕಿದ್ದಾಗ ಒಬ್ಬನು ಇನ್ನೊಬ್ಬನಿಗೆ ವಂದಿಸಬೇಕಾಗಿತ್ತು.

ಇಲ್ಲಿ ಕೆಲವು ಹಿರಿಯರಿಗೆ ಒಂದು ಶಂಕೆ ಬರಬಹುದು. ಸಮ್ಯಗ್ದೃಷ್ಟಿಯು ಗೋರಿಯ ಬಳಿಗೆ ಹೋಗುವುದು ಲೋಕಮೂಢತೆಯಾಗಲಾರದೇ? ಹೂವು ಏರಿಸಿ, ಹರಕೆ ಹೊತ್ತು, ಸತ್ತವನಿಂದ ಫಲವನ್ನು ಬೇಡಿದರೆ ಅದು ಮೂಢತೆಯೇ ಸರಿ. ಆದರೆ ಫಲಕವನ್ನು ಓದಿ, ಇಪ್ಪತ್ತರ ಹರೆಯದಲ್ಲಿ ನಿಂತುಹೋದ ಆಯುಷ್ಯವನ್ನು ಲೆಕ್ಕಿಸಿ, ಅನಿತ್ಯಾನುಪ್ರೇಕ್ಷೆಯನ್ನು ಭಾವಿಸುವುದಕ್ಕೆ ಯಾವ ಆಚಾರ್ಯರ ನಿಷೇಧವೂ ಇಲ್ಲ. ಆ ಶಂಕೆಯನ್ನು ಮುಂದಿಟ್ಟು ಮನೆಯಲ್ಲಿಯೇ ಕುಳಿತು ಯುದ್ಧವಾರ್ತೆಯನ್ನು ಚಪ್ಪರಿಸುವವರ ಬಗ್ಗೆಯೇ ಹೆಚ್ಚು ಚಿಂತಿಸಬೇಕಾಗಿದೆ.

ಸೈನಿಕನ ನಿಂದೆಯು ಇಲ್ಲಿನ ಉದ್ದೇಶವಲ್ಲ. ಆಗಮಜ್ಞರು ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ. ನಾಡನ್ನೂ ನಿರಪರಾಧಿಗಳನ್ನೂ ಕಾಯಲು ಆಯುಧ ಹಿಡಿದವನದು ವಿರೋಧೀ ಹಿಂಸೆ. ಅಣುವ್ರತಿಯಾದ ಗೃಹಸ್ಥನಿಗೆ ಅದರ ಪೂರ್ಣತ್ಯಾಗವು ವಿಧಿಸಲ್ಪಟ್ಟಿಲ್ಲ. ಶ್ರವಣಬೆಳಗೊಳದ ಗೊಮ್ಮಟೇಶ್ವರನನ್ನು ನಿಲ್ಲಿಸಿದ ಚಾವುಂಡರಾಯನೇ ಗಂಗರ ದಂಡನಾಯಕನಾಗಿದ್ದನು. ಅವನ ಒಡೆಯ ಮಾರಸಿಂಹನ ಯುದ್ಧವಿಜಯಗಳು ಚಂದ್ರಗಿರಿಯ ಕೂಗೆ ಬ್ರಹ್ಮದೇವ ಸ್ತಂಭದ ಮೇಲೆ ಸಾಲುಸಾಲಾಗಿ ಕೆತ್ತಲ್ಪಟ್ಟಿವೆ. ಆ ಶಾಸನವು ವಿಜಯದಲ್ಲಿ ಮುಗಿಯುವುದಿಲ್ಲ. ರಾಜ್ಯವನ್ನು ಬಿಟ್ಟು, ಬಂಕಾಪುರದಲ್ಲಿ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಮೂರು ದಿನಗಳ ಸಲ್ಲೇಖನದಿಂದ ಅವನು ದೇಹವನ್ನು ತ್ಯಜಿಸಿದನೆಂಬಲ್ಲಿ ಅದು ಮುಗಿಯುತ್ತದೆ. ಅಷ್ಟು ಗೆದ್ದವನಿಗೂ ಗೆಲುವು ಸಾಕಾಗಲಿಲ್ಲ.

ಯುದ್ಧದ ಲೆಕ್ಕದಲ್ಲಿ ಲೋಕವು ಮರೆಯುವ ಇನ್ನೊಂದು ಭಾಗವನ್ನು ಜೈನನು ಮರೆಯುವಂತಿಲ್ಲ. 1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ಮತ್ತು ಜೋಧಪುರ ಲ್ಯಾನ್ಸರ್ಸ್ ಅಶ್ವದಳಗಳು ದೂರದ ಹೈಫಾ ನಗರವನ್ನು ವಶಪಡಿಸಿಕೊಂಡವು. ಆ ಕಾಳಗದಲ್ಲಿ ಮಡಿದ ಸವಾರರು 8, ಗಾಯಗೊಂಡವರು 34. ಸತ್ತ ಕುದುರೆಗಳು 60, ಗಾಯಗೊಂಡವು 83. ಮೈಸೂರು ಲ್ಯಾನ್ಸರ್ಸ್ ಪಡೆಯ ಸ್ಮಾರಕವು ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿದೆ. ಕುದುರೆಯೂ ಸಂಜ್ಞೀ ಪಂಚೇಂದ್ರಿಯ ಜೀವವೇ. ಅದಕ್ಕೆ ಶತ್ರುವಿಲ್ಲ, ಧ್ವಜವಿಲ್ಲ, ಗೆಲುವಿನಲ್ಲಿ ಪಾಲಿಲ್ಲ. ಭಯ, ನೋವುಗಳು ಮಾತ್ರ ಮನುಷ್ಯನಷ್ಟೇ ಉಂಟು.

ಇನ್ನು ಮನೆಯಲ್ಲಿ ಕುಳಿತವರ ವಿಷಯ. ಸಮಂತಭದ್ರಸ್ವಾಮಿಗಳು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿದ ಐದು ಅನರ್ಥದಂಡಗಳಲ್ಲಿ ಅಪಧ್ಯಾನವೂ ದುಃಶ್ರುತಿಯೂ ಸೇರಿವೆ. ದ್ವೇಷದಿಂದ ಪರರ ವಧೆಯನ್ನು, ಬಂಧನವನ್ನು ಮನಸ್ಸಿನಲ್ಲಿ ಬಯಸುವುದು ಅಪಧ್ಯಾನ. ಚಿತ್ತವನ್ನು ಕಲುಷಿತಗೊಳಿಸುವ ಮಾತುಗಳನ್ನು ಕೇಳುವುದು ದುಃಶ್ರುತಿ. ಗಡಿಯಲ್ಲಿರುವ ಯೋಧನಿಗೆ ಕರ್ತವ್ಯದ ಪ್ರಯೋಜನವಾದರೂ ಉಂಟು. ಊಟದ ಎಲೆಯ ಮುಂದೆ ಕುಳಿತು ಶತ್ರುಪಕ್ಷದ ಸತ್ತವರ ಸಂಖ್ಯೆಯನ್ನು ಕೇಳಿ ಹಿಗ್ಗುವವನಿಗೆ ಯಾವ ಪ್ರಯೋಜನ? ಬಾಣ ಬಿಡದೆ, ಕತ್ತಿ ಹಿಡಿಯದೆ, ಅನುಮೋದನೆಯೊಂದರಿಂದಲೇ ಅವನು ಕರ್ಮವನ್ನು ಕಟ್ಟಿಕೊಳ್ಳುತ್ತಾನೆ. ಆ ಸಂಖ್ಯೆಯೊಳಗೆ ಎಷ್ಟು ತಾಯಂದಿರ ಆರ್ತಧ್ಯಾನವಿದೆ, ಎಷ್ಟು ಮಕ್ಕಳಲ್ಲಿ ಪ್ರತೀಕಾರದ ರೌದ್ರಧ್ಯಾನವು ಬೇರೂರುತ್ತದೆ ಎಂಬುದನ್ನು ವಾರ್ತೆಯು ಹೇಳುವುದಿಲ್ಲ. ವೈರಕ್ಕೆ ಒಂದು ಭವ ಸಾಲದು; ಕಮಠನು ಮರುಭೂತಿಯನ್ನು ಭವಭವಗಳಲ್ಲಿ ಬೆನ್ನಟ್ಟಿ ಪಾರ್ಶ್ವಪ್ರಭುವಿನ ತಪಸ್ಸಿನವರೆಗೂ ಬಂದ ಕಥೆಯು ಶ್ರಾವಕರಿಗೆ ಹೊಸದಲ್ಲ.

ಭರತ-ಬಾಹುಬಲಿಗಳ ಸೇನೆಗಳು ಎದುರುಬದುರಾದಾಗ ಮಂತ್ರಿಗಳು ನಡುವೆ ಬಂದು, ಸೈನ್ಯಗಳ ಸಂಹಾರವನ್ನು ತಪ್ಪಿಸಿ, ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ಮಾತ್ರ ಒಪ್ಪಿಸಿದರು. ಹೀಗೆ ಒಬ್ಬನೂ ಸಾಯದ ಯುದ್ಧವದು. ಆದರೂ ಸೋತ ಅಣ್ಣನು ತಮ್ಮನ ಮೇಲೆ ಚಕ್ರವನ್ನೇ ಪ್ರಯೋಗಿಸಿದನು. ಗೆದ್ದ ತಮ್ಮನು ಎಲ್ಲವನ್ನೂ ತ್ಯಜಿಸಿ ಒಂದು ವರ್ಷ ನಿರಾಹಾರನಾಗಿ ಪ್ರತಿಮಾಯೋಗದಲ್ಲಿ ನಿಂತರೂ, ತನ್ನಿಂದ ಭರತನಿಗೆ ನೋವಾಯಿತೆಂಬ ಒಂದು ಎಳೆಯು ಹೃದಯದಲ್ಲಿ ಉಳಿದೇ ಇತ್ತು. ರಕ್ತವಿಲ್ಲದ ಕಾಳಗದ ಶೇಷವೇ ಅಷ್ಟು ಕಾಲ ನಿಂತಿತೆಂದ ಮೇಲೆ, ನಂದಂಬಾಕ್ಕಂನ ಸಾಲುಗಳ ಹಿಂದಿನ ಶೇಷವನ್ನು ಅಳೆಯುವವರು ಯಾರು?

ಪ್ರೋಷಧೋಪವಾಸವನ್ನು ಕೈಗೊಳ್ಳುವವರು ಅಷ್ಟಮಿ, ಚತುರ್ದಶಿಗಳಲ್ಲಿ ಅನ್ನಪಾನಗಳನ್ನು ಬಿಡುವರು, ಸ್ನಾನ-ಗಂಧ-ಅಲಂಕಾರಗಳನ್ನು ಬಿಡುವರು. ಕಿವಿಯ ಆಹಾರವನ್ನು ಬಿಟ್ಟವರು ಕಡಿಮೆ. ಯುದ್ಧ ನಡೆಯುತ್ತಿರುವ ಕಾಲದಲ್ಲಿ, ಧಾರಣೆಯ ದಿನದ ಏಕಭುಕ್ತದಿಂದ ಪಾರಣೆಯವರೆಗೆ, ಕಾಳಗದ ವಾರ್ತೆಯನ್ನು ರಸವೆಂದು ಕೇಳುವುದಿಲ್ಲ, ಯಾವ ಪಕ್ಷದ ಸಾವಿಗೂ ಸಂತೋಷಪಡುವುದಿಲ್ಲವೆಂದು ನಿಯಮವನ್ನು ತೆಗೆದುಕೊಳ್ಳಬಹುದು. ಸಂಜೆಯ ಪ್ರತಿಕ್ರಮಣದಲ್ಲಿ ಸರ್ವಜೀವಗಳ ಕ್ಷಮೆಯನ್ನು ಬೇಡುವಾಗ, ಹೆಸರಿಲ್ಲದ ಆ ಅರವತ್ತು ಕುದುರೆಗಳನ್ನೂ ನೆನೆಯಬಹುದು.