ಎರಡು ಬಿಳುಪುಗಳ ನಡುವೆ

ಒಳ್ಳೆಯದು ಕೆಟ್ಟದ್ದರ ನಡುವೆ ಆರಿಸುವುದು ಕಷ್ಟ ಎನ್ನುತ್ತಾರೆ. ನನಗೇನೋ ಎರಡು ಒಳ್ಳೆಯದರ ನಡುವೆ ಆರಿಸುವುದೇ ಕಷ್ಟವೆನ್ನಿಸುತ್ತದೆ. ಅದರಲ್ಲೂ ಅವೆರಡೂ ಹೆಚ್ಚುಕಡಿಮೆ ಒಂದೇ ಆಗಿದ್ದರೆ.

ಗೌರಿಬಿದನೂರು ಸೀಮೆಯ ನಮ್ಮ ಕುಡುಮಲಕುಂಟೆಯಂಥ ಊರುಗಳಲ್ಲಿ ಹಿಂದೆ ಈ ಕಷ್ಟವಿರಲಿಲ್ಲ. ಹಬ್ಬ ಬಂತೆಂದರೆ ಸುಟ್ಟ ಸುಣ್ಣದ ಕಲ್ಲನ್ನು ನೀರಿಗೆ ಹಾಕಿ, ಕುದಿದು ಅರಳಿದ ಮೇಲೆ ಸೋಸಿ, ಚಿಟಿಕೆ ನೀಲಿ ಬೆರೆಸಿ ಬಳಿಯುತ್ತಿದ್ದರು. ಹಸಿಯಿದ್ದಾಗ ಮಂಕಾಗಿದ್ದ ಗೋಡೆ ಒಣಗುತ್ತಾ ಬೆಳ್ಳಗಾಗುತ್ತಿತ್ತು. ಬಂದ ಬಿಳುಪೇ ನಮ್ಮ ಬಿಳುಪು. ಈಗ ಅಂಗಡಿಯ ಬಣ್ಣದ ಪುಸ್ತಕದಲ್ಲಿ ಬಿಳುಪಿಗೇ ಪುಟಗಟ್ಟಲೆ ಹೆಸರು.

ನಮ್ಮ ಮನೆಯ ನಡುಕೋಣೆಗೆ ಕ್ರೀಮ್ ಮತ್ತು ಐವರಿ ಎರಡನ್ನೂ ಅಂಗೈಯಗಲ ಬಳಿಸಿ ನೋಡಿದೆವು. ಹಳದಿ ಬಲ್ಬಿನಡಿ ಎರಡೂ ಅವಳಿ ಮಕ್ಕಳು. ಬೆಳಗಿನ ಬಿಸಿಲಿಗೆ ಬೇರೆ ಬೇರೆ. ಬಣ್ಣ ಡಬ್ಬಿಯಲ್ಲಷ್ಟೇ ಇರುವುದಿಲ್ಲ, ಮೇಲೆ ಬೀಳುವ ಬೆಳಕಿನಲ್ಲೂ ಇರುತ್ತದೆ. ಹಾಗಿದ್ದ ಮೇಲೆ "ಯಾವುದು ಸರಿ" ಎಂಬುದಕ್ಕೆ ಉತ್ತರವೆಲ್ಲಿ?

ಮೂರು ದಿನವಾದರೂ ತೀರ್ಮಾನವಾಗದ್ದಕ್ಕೆ ಗಂಡಸರು ನಕ್ಕರು. ಇಂಥ ನಗೆಗೆ ಶಾಸ್ತ್ರಾಧಾರವೂ ಉಂಟು. ಪಾರ್ಕಿನ್ಸನ್ ಎಂಬ ಇಂಗ್ಲಿಷ್ ಲೇಖಕ 1957ರ ತನ್ನ ಪುಸ್ತಕದಲ್ಲಿ ಒಂದು ಸಮಿತಿಯ ಕತೆ ಹೇಳುತ್ತಾನೆ. ಅಣುಸ್ಥಾವರಕ್ಕೆ ಎರಡೂವರೆ ನಿಮಿಷದಲ್ಲಿ ಒಪ್ಪಿಗೆ ಕೊಟ್ಟವರು ಸೈಕಲ್ ನಿಲ್ಲಿಸುವ ಚಪ್ಪರಕ್ಕೆ ಮುಕ್ಕಾಲು ಗಂಟೆ ಚರ್ಚಿಸಿದರಂತೆ. ನಿಜ. ಆದರೆ ಆ ಸಮಿತಿಯ ಕೈಯಲ್ಲಿ ಎರಡೂ ಇದ್ದವು. ನಿವೇಶನ, ಸಾಲ, ಖಾತೆ ಯಾರ ಹೆಸರಿಗೆ ಎಂಬುದೆಲ್ಲ ಜಗಲಿಯ ಮೇಲೆ ತೀರ್ಮಾನವಾಗಿ, ಕೊನೆಗೆ "ಬಣ್ಣ ನೀವೇ ಆರಿಸಿ" ಎಂದು ಒಳಗೆ ಬರುತ್ತದೆ. ನಮ್ಮ ಪಾಲಿಗೆ ಉಳಿದದ್ದೇ ಚಪ್ಪರ. ಅದನ್ನು ಮನಸ್ಸಿಟ್ಟು ನೋಡಿದರೆ ತಪ್ಪೇನು?

ಎರಡೂ ಚೆನ್ನಾಗಿರುವಾಗ ಕೇಳಬೇಕಾದ್ದು ಯಾವುದು ಹೆಚ್ಚೆಂದಲ್ಲ, ಯಾರಿಗಾಗಿ ಎಂದು. ಆ ಕೋಣೆಯಲ್ಲಿ ಹಗಲೆಲ್ಲ ಕೂರುವವರು ನಮ್ಮ ಅತ್ತೆ. ಕೇಳಿದಾಗ, "ನಂಗೆ ಎರಡೂ ಒಂದೇ ಕಣಮ್ಮ, ಮಧ್ಯಾಹ್ನದ ಹೊತ್ನಲ್ಲಿ ಕಣ್ಣಿಗೆ ಚುಚ್ಚದಿದ್ರೆ ಸಾಕು" ಅಂದರು. ಮೂರು ದಿನದ ಪ್ರಶ್ನೆ ಅಲ್ಲಿಗೆ ಮುಗಿಯಿತು, ಕ್ರೀಮ್ ಬಂತು.

ಇಷ್ಟು ಸೂಕ್ಷ್ಮ ಕಾಣುವ ಕಣ್ಣು ಅಲ್ಲಿಗೇ ನಿಲ್ಲಬೇಕಾಗಿಲ್ಲ. ಸೀಸ ಮಕ್ಕಳ ಮಿದುಳಿಗೆ ಕೆಡುಕು. ಮನೆಯ ಬಣ್ಣದಲ್ಲಿ ಹತ್ತು ಲಕ್ಷಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸ ಇರಕೂಡದೆಂಬ ನಿಯಮ 2017ರ ನವೆಂಬರಿನಿಂದ ನಮ್ಮ ದೇಶದಲ್ಲಿದೆ. ಡಬ್ಬಿಯ ಮೇಲೆ ಅದನ್ನೂ ಓದಿ ನೋಡೋಣ. ಆಮೇಲೆ ಖಾತೆಯ ಕಾಗದವನ್ನೂ ಓದೋಣ.